ಮಳೆಗೆ ಮುಂಚೆ ಮಾಡು ಹೊದಿಸಬೇಕು

ಮೇ ತಿಂಗಳ ಕೊನೆಯ ವಾರಗಳಲ್ಲಿ ಕಿರಿಮಂಜೇಶ್ವರದ ಆಸುಪಾಸಿನ ಯಾವ ಮನೆಗೆ ಹೋದರೂ ಕಾಣುವುದು ಒಂದೇ ಗಡಿಬಿಡಿ. ಮಾಡಿನ ಒಡೆದ ಹೆಂಚುಗಳನ್ನು ಬದಲಿಸಬೇಕು, ಜಗಲಿಗೆ ಮಡಲಿನ ತಟ್ಟಿ ಕಟ್ಟಬೇಕು, ಕಟ್ಟಿಗೆ ಒಳಸೇರಬೇಕು. ಒಣಮೀನು, ಹಪ್ಪಳ, ಉಪ್ಪಿನಕಾಯಿಗಳು ಡಬ್ಬಿ ಭರಣಿಗಳನ್ನು ಸೇರಬೇಕು. ಮಳೆ ಹಿಡಿದ ಮೇಲೆ ಮಾಡು ಹತ್ತುವುದು ಆಗದ ಕೆಲಸವೆಂಬ ತಿಳಿವಳಿಕೆ ಈ ಕರಾವಳಿಯ ಬಡವ ಬಲ್ಲಿದರೆಲ್ಲರಿಗೂ ಇದೆ. ಮನೆಯ ವಿಷಯದಲ್ಲಿ ನಮಗಿರುವ ಈ ಮುಂದಾಲೋಚನೆ ಮಕ್ಕಳ ವಿಷಯದಲ್ಲಿಯೂ ಇದೆಯೇ ಎಂಬುದೇ ಈ ವಾರದ ನಮ್ಮ ಚಿಂತನೆಯ ವಸ್ತು.

ಇತ್ತೀಚಿನ ವರ್ಷಗಳಲ್ಲಿ ಯುವಜನರ ಶಿಬಿರಗಳಲ್ಲಿ, ಶಿಕ್ಷಕರ ಸಭೆಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ. ಇಂದಿನ ಮಕ್ಕಳಿಗೆ ಕಷ್ಟ ಸಹಿಸುವ ಶಕ್ತಿ ಕಡಿಮೆ, ಸಣ್ಣ ಸೋಲಿಗೂ ಅವರು ಕುಗ್ಗಿಬಿಡುತ್ತಾರೆ, ಆದುದರಿಂದ ಬಿದ್ದಲ್ಲಿಂದ ಮತ್ತೆ ಏಳುವ ಎದೆಗಾರಿಕೆಯನ್ನು ಅವರಿಗೆ ಕಲಿಸಬೇಕು ಎಂಬುದೇ ಆ ಮಾತು. ಕಲಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಈ ಎದೆಗಾರಿಕೆ ಯಾವುದರಿಂದ ಹುಟ್ಟುತ್ತದೆ, ಅದನ್ನು ಕಲಿಸುವವರ ಹೊಣೆ ಏನು ಎಂಬುದನ್ನು ವಿಚಾರಿಸದೆ ಹೋದರೆ ನಮ್ಮ ಬೋಧನೆ ಬಡ ಮಕ್ಕಳ ಪಾಲಿಗೆ ಇನ್ನೊಂದು ಹೊರೆಯಾದೀತು.

ಕಡಲು ಮತ್ತು ಹೆದ್ದಾರಿಯ ನಡುವೆ

ಒಂದೆಡೆ ಅರಬಿ ಸಮುದ್ರ, ಇನ್ನೊಂದೆಡೆ ಘಟ್ಟದ ತಪ್ಪಲು, ನಡುವೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66. ಅಗಸ್ತ್ಯೇಶ್ವರ ದೇವಸ್ಥಾನದಿಂದ ಹೆಸರಾದ ಕಿರಿಮಂಜೇಶ್ವರ ಹಿಂದೆ ಕುಂದಾಪುರ ತಾಲೂಕಿಗೆ ಸೇರಿತ್ತು, 2018ರಿಂದ ಬೈಂದೂರು ತಾಲೂಕಿನಲ್ಲಿದೆ. ಈ ಪ್ರದೇಶದಲ್ಲಿ ಕ್ರೈಸ್ತರ ಮನೆಗಳು ಇತರ ಧರ್ಮೀಯರ ಮನೆಗಳ ನಡುವೆ ಹರಡಿಕೊಂಡಿವೆ. ಕಷ್ಟ ಬಂದಾಗ ಯಾವ ಮನೆ ಯಾರದೆಂದು ಕಡಲು ವಿಚಾರಿಸುವುದಿಲ್ಲ. ಆದುದರಿಂದ ಇಲ್ಲಿ ‘ನಮ್ಮ ಮಕ್ಕಳು’ ಎಂದಾಗ ನಾವು ಇಗರ್ಜಿಯ ದಾಖಲೆಯಲ್ಲಿ ಹೆಸರಿರುವ ಮಕ್ಕಳನ್ನು ಮಾತ್ರ ಹೇಳುತ್ತಿಲ್ಲ.

ಯಾಂತ್ರಿಕ ಬೋಟುಗಳಲ್ಲಿ ದುಡಿಯುವವರ ಮಕ್ಕಳು, ಗೇರುಬೀಜ ಕಾರ್ಖಾನೆಗೆ ಹೋಗುವ ತಾಯಂದಿರ ಮಕ್ಕಳು, ಕೆಂಪುಕಲ್ಲಿನ ಕೋರೆಯಲ್ಲೂ ಗಾರೆ ಕೆಲಸದಲ್ಲೂ ಕೂಲಿ ಮಾಡುವವರ ಮಕ್ಕಳು, ಕೊರಗರ ಕೇರಿಯ ಮಕ್ಕಳು — ಇವರ ವರುಷದ ಲೆಕ್ಕಾಚಾರವನ್ನು ಸ್ವಲ್ಪ ಗಮನಿಸಬೇಕು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನಿನ ಸಂತತಿ ಉಳಿಯಲು ಅದು ಅಗತ್ಯ. ಆದರೆ ಶಾಲೆಗಳು ಆರಂಭವಾಗುವುದೂ ಅದೇ ಹೊತ್ತಿಗೆ. ಸಮವಸ್ತ್ರ, ಪುಸ್ತಕ, ಕೊಡೆ, ಬಸ್ಸಿನ ಹಣ, ಶುಲ್ಕ ಎಲ್ಲವೂ ಬೇಕಾಗುವ ದಿನಗಳಲ್ಲೇ ಮನೆಯ ಆದಾಯ ನಿಂತಿರುತ್ತದೆ. ಅಂಥ ಮನೆಯ ಹುಡುಗ ಜೂನ್ ತಿಂಗಳ ತರಗತಿಯಲ್ಲಿ ಮಂಕಾಗಿ ಕುಳಿತಿದ್ದರೆ ಅವನಿಗೆ ಮನೋಬಲ ಕಡಿಮೆಯೆಂದು ಹೇಳುವ ಮುನ್ನ ಅವನ ಮನೆಯ ಒಲೆಯನ್ನು ವಿಚಾರಿಸುವುದು ಒಳ್ಳೆಯದು.

ಇದೇ ಕಿರಿಮಂಜೇಶ್ವರದ ಕೊಡೇರಿಯ ಅಳಿವೆಯಲ್ಲಿ 2020ರ ಆಗಸ್ಟ್ 16ರಂದು ಅಲೆಗಳ ಹೊಡೆತಕ್ಕೆ ಮೀನುಗಾರಿಕಾ ದೋಣಿ ಮಗುಚಿ ನಾಲ್ವರು ಮೀನುಗಾರರು ಪ್ರಾಣ ಕಳೆದುಕೊಂಡರು. ಅದಕ್ಕೂ ನಾಲ್ಕು ವರ್ಷ ಮೊದಲು, 2016ರ ಜೂನ್ 21ರಂದು, ಇಲ್ಲಿಂದ ದಕ್ಷಿಣಕ್ಕೆ ತ್ರಾಸಿಯ ಮೊವಾಡಿ ಕ್ರಾಸ್ ಬಳಿ ಬಸ್ಸಿಗೂ ಶಾಲಾ ಮಕ್ಕಳಿದ್ದ ವಾಹನಕ್ಕೂ ಡಿಕ್ಕಿಯಾಗಿ ಎಂಟು ಮಕ್ಕಳು ತೀರಿಕೊಂಡದ್ದನ್ನು ಈ ಸೀಮೆಯ ಯಾರೂ ಮರೆತಿಲ್ಲ. ಇಂಥ ಹೊತ್ತುಗಳಲ್ಲಿ ಊರು ಒಂದಾಗುತ್ತದೆ. ಅಂತ್ಯಕ್ರಿಯೆಗೆ ಸಾವಿರಾರು ಜನ ಸೇರುತ್ತಾರೆ, ನೆರವು ಬರುತ್ತದೆ. ಆದರೆ ತೀರಿಕೊಂಡ ಮಗುವಿನ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಮಗು ಏನಾಯಿತು? ಆರು ತಿಂಗಳ ಬಳಿಕ, ಮರುವರ್ಷದ ಮೊದಲ ಮಳೆಗೆ, ತಂದೆಯಿಲ್ಲದ ಮನೆಯ ಮಕ್ಕಳ ಬಳಿ ಕುಳಿತವರು ಯಾರು? ಎದೆಗಾರಿಕೆಯ ನಿಜವಾದ ಪಾಠ ಆರಂಭವಾಗುವುದು ಜನಜಂಗುಳಿ ಕರಗಿದ ಮೇಲೆ.

ಸಹನೆ ಬೇರೆ, ಎದೆಗಾರಿಕೆ ಬೇರೆ

ಬಡವರಿಗೆ ಸಹನೆಯ ಉಪದೇಶ ಎಂದೂ ಕಡಿಮೆಯಾಗಿಲ್ಲ. ಕೊರಗ ಸಮುದಾಯವನ್ನೇ ನೋಡೋಣ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಈ ಸಮುದಾಯದವರ ಸಂಖ್ಯೆ 14,794 ಮಾತ್ರ. ಬುಟ್ಟಿ ಹೆಣೆಯುವ ಕೌಶಲದಲ್ಲಿ, ಡೋಲಿನ ನಾದದಲ್ಲಿ ಇವರನ್ನು ಮೀರಿಸುವವರಿಲ್ಲ. ಆದರೆ ಇತರರ ಕೇಡು ಇವರ ಮೇಲೆ ಹೋಗಲೆಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಉಣ್ಣಿಸುತ್ತಿದ್ದ ಅಜಲು ಪದ್ಧತಿ ತಲೆಮಾರುಗಳ ಕಾಲ ನಡೆದುಬಂತು. ಅದನ್ನು ಸಹಿಸಿಕೊಂಡು ಬದುಕಿದ ಆ ಜನರಿಗೆ ತಾಳ್ಮೆಯ ಪಾಠ ಹೇಳುವ ಯೋಗ್ಯತೆ ಯಾರಿಗಿದೆ? ಅವರಿಗೆ ಬೇಕಾಗಿದ್ದುದು ನ್ಯಾಯ. ಸಮುದಾಯದವರು ಸಂಘಟಿತರಾಗಿ ದನಿ ಎತ್ತಿದರು. 2000ದಲ್ಲಿ ರಾಜ್ಯವು ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. ಪ್ರತಿ ವರ್ಷ ಆಗಸ್ಟ್ 18ರಂದು ಅವರು ಆಚರಿಸುವ ಭೂಮಿ ಹಬ್ಬದಲ್ಲಿ ಇಂದು ಕಾಣುವ ತಲೆಯೆತ್ತಿದ ನಡಿಗೆ ಈ ಹೋರಾಟದ ಫಲ.

ಆದುದರಿಂದ ಅನ್ಯಾಯವನ್ನು ನುಂಗಿಕೊಂಡಿರುವ ಅಭ್ಯಾಸಕ್ಕೆ ಎದೆಗಾರಿಕೆಯೆಂದು ಹೆಸರಿಡಬಾರದು. ಕೆಲಸದಲ್ಲಿ ಸಂಬಳ ಕೊಡದೆ ಸತಾಯಿಸುವ ಧಣಿಯ ಮುಂದೆ ತಾಳ್ಮೆಯಿಂದಿರು ಎಂದು ಹುಡುಗನಿಗೆ ಹೇಳುವುದು ಸುಲಭ. ಅವನ ಜೊತೆ ಹೋಗಿ ಸಂಬಳ ಕೇಳಲು ನಿಲ್ಲುವುದು ಕಷ್ಟ. ಎರಡನೆಯದನ್ನು ಮಾಡಿದವನ ಮಾತಿಗೆ ಮಾತ್ರ ಆ ಹುಡುಗನ ಮನಸ್ಸಿನಲ್ಲಿ ಬೆಲೆಯಿರುತ್ತದೆ.

ರೊಟ್ಟಿ, ನೀರು, ನಿದ್ದೆ

ಪವಿತ್ರ ಗ್ರಂಥದಲ್ಲಿ ಪ್ರವಾದಿ ಎಲೀಯನ ಕಥೆಯನ್ನು ನಾವೆಲ್ಲರೂ ಬಲ್ಲೆವು. ಅಗ್ನಿಯಂಥ ಮಾತಿನ ಆ ಮನುಷ್ಯ ರಾಣಿಯ ಬೆದರಿಕೆಗೆ ಅಂಜಿ ಮರುಭೂಮಿಗೆ ಓಡುತ್ತಾನೆ, ಒಂದು ಪೊದೆಯ ಕೆಳಗೆ ಕುಸಿದು ತನಗೆ ಸಾವು ಬರಲೆಂದು ಬೇಡುತ್ತಾನೆ. ದೇವರು ಕಳುಹಿಸಿದ ದೂತನು ಅವನನ್ನು ಗದರಿಸಲಿಲ್ಲ, ನಂಬಿಕೆ ಕಡಿಮೆಯಾಯಿತೆಂದು ದೂರಲಿಲ್ಲ. ತಲೆಯ ಬಳಿ ಬಿಸಿ ರೊಟ್ಟಿಯನ್ನೂ ನೀರಿನ ಕುಡಿಕೆಯನ್ನೂ ಇಟ್ಟು ತಟ್ಟಿ ಎಬ್ಬಿಸಿದನು. ಎಲೀಯನು ಉಂಡು ಮತ್ತೆ ಮಲಗಿದನು. ದೂತನು ಎರಡನೆಯ ಸಲವೂ ಬಂದನು. ಮುಂದಿನ ದಾರಿಯ ಮಾತು ಬಂದದ್ದು ಆ ಬಳಿಕವೇ. ಕುಗ್ಗಿದ ಯುವಕನ ಬಳಿಗೆ ಹೇಗೆ ಹೋಗಬೇಕೆಂಬುದಕ್ಕೆ ಇದಕ್ಕಿಂತ ಉತ್ತಮ ಪಾಠ ದೊರೆಯದು. ನಮ್ಮಲ್ಲಿ ಎಷ್ಟೋ ಮಂದಿ ಮೊದಲನೆಯ ಸಲ ಹೋಗುತ್ತೇವೆ. ಎರಡನೆಯ ಸಲ ಹೋಗುವುದನ್ನು ಮರೆಯುತ್ತೇವೆ.

ಆಧುನಿಕ ಅಧ್ಯಯನವೂ ಹೇಳುವುದು ಹೆಚ್ಚುಕಡಿಮೆ ಇದನ್ನೇ. ಅಮೆರಿಕದ ಹವಾಯಿ ದ್ವೀಪಗಳಲ್ಲೊಂದಾದ ಕವಾಯ್‌ಯಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಎಂಬ ಮನಶ್ಶಾಸ್ತ್ರಜ್ಞೆಯರು ನಡುಹರೆಯದವರೆಗೂ ಗಮನಿಸುತ್ತ ಬಂದರು. ಬಡತನ, ಮನೆಯ ಜಗಳ, ಹೆತ್ತವರ ಕುಡಿತ ಅಥವಾ ಮನೋರೋಗ ಇಂಥ ಹಲವು ಸಂಕಟಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಪಾಲು ಸಮರ್ಥರೂ ಪ್ರೀತಿವಂತರೂ ಆದ ಪ್ರಜೆಗಳಾದರು. ಅವರ ಬಾಳಿನಲ್ಲಿ ಕಂಡ ಸಾಮಾನ್ಯ ಅಂಶವೆಂದರೆ ಅವರನ್ನು ನೆಚ್ಚಿದ, ಅವರ ಕೈಬಿಡದ ಒಬ್ಬ ಹಿರಿಯ ಜೀವ. ಅದು ಅಜ್ಜಿಯಿರಬಹುದು, ಅತ್ತೆಯಿರಬಹುದು, ಶಿಕ್ಷಕರಿರಬಹುದು. ಇನ್ನೊಂದು, ಮನೆಯಲ್ಲೋ ಊರಿನಲ್ಲೋ ಅವರಿಗೆ ನಿಜವಾದ ಒಂದು ಹೊಣೆಗಾರಿಕೆ ಇತ್ತು. ಹದಿಹರೆಯದಲ್ಲಿ ದಾರಿ ತಪ್ಪಿದವರಲ್ಲಿಯೂ ಅನೇಕರು ಮುಂದೆ ಎರಡನೆಯ ಅವಕಾಶ ದೊರೆತಾಗ ಸರಿಹೋದರು. ಆ ಅವಕಾಶ ಕೆಲವರಿಗೆ ಮರಳಿ ಓದಿನಿಂದ, ಕೆಲವರಿಗೆ ಒಳ್ಳೆಯ ದಾಂಪತ್ಯದಿಂದ, ಇನ್ನು ಕೆಲವರಿಗೆ ವಿಶ್ವಾಸಿಗಳ ಸಮುದಾಯದಿಂದ ಬಂತು. ಧರ್ಮಕೇಂದ್ರಗಳು ಗಮನಿಸಬೇಕಾದ ಮಾತಿದು.

ಡಾನ್ ಬಾಸ್ಕೊ ಬರೆಸಿದ ಕರಾರು

ಯುವಜನರ ಪಾಲಕ ಸಂತ ಡಾನ್ ಬಾಸ್ಕೊ ಎಂದರೆ ನಮ್ಮ ಕಣ್ಣಮುಂದೆ ಬರುವುದು ಮಕ್ಕಳ ನಡುವೆ ನಗುತ್ತಿರುವ ಗುರುಗಳ ಚಿತ್ರ. 1841ರ ಡಿಸೆಂಬರ್ 8ರಂದು ಇಟಲಿಯ ತುರಿನ್ ನಗರದ ಇಗರ್ಜಿಯೊಂದರಲ್ಲಿ, ದೇವಾಲಯದ ಸೇವಕನಿಂದ ಏಟು ತಿಂದು ಓಡುತ್ತಿದ್ದ ಬಾರ್ತೊಲೊಮೆಯೊ ಗರೆಲ್ಲಿ ಎಂಬ ಅನಾಥ ಹುಡುಗನನ್ನು ಅವರು ಹಿಂದಕ್ಕೆ ಕರೆಸಿದರು. ಗಾರೆ ಕೆಲಸದ ಆ ಹುಡುಗನಿಗೆ ಓದಲು ಬಾರದು, ಬರೆಯಲು ಬಾರದು, ಹಾಡಲೂ ಬಾರದು. ಸಿಳ್ಳು ಹಾಕಲು ಬರುತ್ತದೆಯೇ ಎಂದು ಕೇಳಿದಾಗ ಅವನು ನಕ್ಕನು. ಬಾರದಿರುವುದನ್ನು ಎಣಿಸುವುದನ್ನು ಬಿಟ್ಟು ಬರುವುದೊಂದನ್ನು ಹುಡುಕಿದ ಆ ಪ್ರಶ್ನೆಯಿಂದ ಒಂದು ದೊಡ್ಡ ಸೇವಾಕಾರ್ಯ ಹುಟ್ಟಿತು.

ಈ ಕಥೆ ಎಲ್ಲರಿಗೂ ಗೊತ್ತು. ಆದರೆ ಅದರ ಮುಂದಿನ ಭಾಗವನ್ನು ನಾವು ಅಷ್ಟಾಗಿ ಹೇಳುವುದಿಲ್ಲ. 1851-52ರ ಸುಮಾರಿಗೆ ಡಾನ್ ಬಾಸ್ಕೊ ತಮ್ಮ ಹುಡುಗರನ್ನು ಕೆಲಸ ಕಲಿಯಲು ಕಳುಹಿಸುವಾಗ ಯಜಮಾನರಿಂದ ಲಿಖಿತ ಕರಾರಿಗೆ ಸಹಿ ಹಾಕಿಸಿದರು. ಹುಡುಗನಿಗೆ ಕಸುಬನ್ನು ಸರಿಯಾಗಿ ಕಲಿಸಬೇಕು, ಕಸುಬಿಗೆ ಸಂಬಂಧಿಸದ ಚಾಕರಿ ಮಾಡಿಸಬಾರದು, ಹೊಡೆಯಬಾರದು, ಭಾನುವಾರ ಮತ್ತು ಹಬ್ಬದ ದಿನ ರಜೆ ಕೊಡಬೇಕು, ಕೂಲಿಯನ್ನು ನಿಗದಿಯಂತೆ ಕೊಡಬೇಕು ಎಂಬ ಬಗೆಯ ಷರತ್ತುಗಳು ಅವುಗಳಲ್ಲಿದ್ದವು. ಪ್ರಾರ್ಥನೆಯನ್ನು ಕಲಿಸಿದ ಕೈಯೇ ಕರಾರನ್ನೂ ಬರೆಯಿತು. ಹುಡುಗನ ಮನಸ್ಸನ್ನು ಗಟ್ಟಿಮಾಡುವುದು, ಅವನು ಕಾಲಿಡುವ ನೆಲವನ್ನು ಗಟ್ಟಿಮಾಡುವುದು ಇವೆರಡೂ ಅವರಿಗೆ ಒಂದೇ ಕೆಲಸವಾಗಿತ್ತು.

ನಮ್ಮ ಊರಿನ ಹುಡುಗರ ರಾತ್ರಿ ಶಾಲೆ

ದೂರದ ತುರಿನ್ ಏಕೆ, ನಮ್ಮ ಕರಾವಳಿಯವರೇ ಕಟ್ಟಿದ ಒಂದು ನಿದರ್ಶನವಿದೆ. ಕಳೆದ ಶತಮಾನದುದ್ದಕ್ಕೂ ಕುಂದಾಪುರ, ಉಡುಪಿ ಕಡೆಯ ಅಸಂಖ್ಯ ಹುಡುಗರು ಬಡತನದಿಂದ ಶಾಲೆ ಬಿಟ್ಟು ಮುಂಬಯಿಯ ಹೋಟೆಲುಗಳಿಗೆ ಹೋದರು. ಲೋಟ ತೊಳೆದು, ಮೇಜು ಒರೆಸಿ, ಹೋಟೆಲಿನಲ್ಲಿಯೇ ಚಾಪೆ ಹಾಸಿ ಮಲಗಿದರು. ಇಂದು 14 ವರ್ಷದೊಳಗಿನವರನ್ನು ಹೀಗೆ ದುಡಿಸುವುದು ಅಪರಾಧ. 2006ರ ಅಕ್ಟೋಬರ್ 10ರಿಂದ ಹೋಟೆಲು ಮತ್ತು ಮನೆಗೆಲಸಗಳಿಗೂ ಈ ನಿಷೇಧ ಅನ್ವಯವಾಯಿತು. ಆ ಕಾಲದಲ್ಲಿ ಅಂಥ ರಕ್ಷಣೆಯಿರಲಿಲ್ಲ. ಆದರೆ ಅವರಿಗೆ ಒಂದು ಆಸರೆಯಿತ್ತು, ಅದು ಕನ್ನಡದ ರಾತ್ರಿ ಶಾಲೆ. ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿ ಶಾಲೆ, ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಶಾಲೆ ಇವೇ ಮೊದಲಾದ ಶಾಲೆಗಳಲ್ಲಿ ಹಗಲಿಡೀ ದುಡಿದ ಹುಡುಗರು ರಾತ್ರಿ ಪಾಠ ಕಲಿತರು. ಮೆಟ್ರಿಕ್ ಮುಗಿಸಿ ಬ್ಯಾಂಕು, ಕಚೇರಿಗಳಲ್ಲಿ ನೌಕರಿ ಹಿಡಿದವರು, ಉದ್ಯಮಿಗಳಾದವರು, ಲೇಖಕರಾದವರು ಅವರಲ್ಲಿದ್ದಾರೆ.

ಅವರ ಎದೆಗಾರಿಕೆಯನ್ನು ಹೊಗಳುವಾಗ ಆ ಶಾಲೆಗಳನ್ನು ಕಟ್ಟಿ ನಡೆಸಿದವರನ್ನು ಮರೆಯಬಾರದು. ಹುಡುಗನಲ್ಲಿ ಛಲವಿತ್ತು, ನಿಜ. ಆದರೆ ರಾತ್ರಿ ಅವನಿಗಾಗಿ ದೀಪ ಹಚ್ಚಿ ಕಾದು ಕುಳಿತ ಒಬ್ಬ ಶಿಕ್ಷಕರೂ ಇದ್ದರು. ದೀಪವಿಲ್ಲದ ಕಡೆ ಅದೇ ಛಲದ ಎಷ್ಟು ಹುಡುಗರು ಕರಗಿಹೋದರೆಂಬ ಲೆಕ್ಕ ಯಾರ ಬಳಿಯಲ್ಲೂ ಇಲ್ಲ.

ನಮ್ಮ ಧರ್ಮಸಭೆಯ ಚರಿತ್ರೆಯಲ್ಲಿಯೂ ಈ ಪಾಠವಿದೆ. 1570ರಲ್ಲಿ ಆರಂಭವಾದ ಕುಂದಾಪುರದ ರೊಜಾರಿ ಮಾತೆಯ ಇಗರ್ಜಿಯಲ್ಲಿ ಸಂತ ಜೋಸೆಫ್ ವಾಜ್ ಅವರು ಪ್ರಾರ್ಥಿಸಿದ ನೆನಪನ್ನು ನಾವು ಅಭಿಮಾನದಿಂದ ಕಾಪಾಡಿಕೊಂಡಿದ್ದೇವೆ. 1681ರಿಂದ 1684ರವರೆಗೆ ಕೆನರಾದಲ್ಲಿ ದುಡಿದ ಅವರು 1687ರಲ್ಲಿ ಕೂಲಿಯವನ ವೇಷದಲ್ಲಿ ಸಿಂಹಳವನ್ನು ಸೇರಿದಾಗ ರಕ್ತಭೇದಿಯಿಂದ ಸಾಯುವ ಸ್ಥಿತಿಗೆ ಬಂದಿದ್ದರು. ಅಲ್ಲಿ ಅವರಿಗೆ ಉಣ್ಣಲು ಕೊಟ್ಟು ಉಳಿಸಿದವಳು ದಯಾಳುವಾದ ಒಬ್ಬ ಸಾಮಾನ್ಯ ಮಹಿಳೆ. ಮುಂದೆ ಸೆರೆವಾಸ, ಸಾಂಕ್ರಾಮಿಕ ರೋಗದ ನಡುವಿನ ಸೇವೆ, 2015ರ ಜನವರಿ 14ರಂದು ಸಂತ ಪದವಿ — ಇವೆಲ್ಲದರ ಹಿಂದೆ ಆ ತಾಯಿ ನೀಡಿದ ತುತ್ತೂ ಇದೆ.

ಶೇಕಡಾ ಆರರ ಪ್ರಶ್ನೆ

2024ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆ ಶೇ. 94 ಫಲಿತಾಂಶದೊಂದಿಗೆ ರಾಜ್ಯಕ್ಕೆ ಮೊದಲನೆಯ ಸ್ಥಾನ ಪಡೆಯಿತು. ರಾಜ್ಯದ ಸರಾಸರಿ ಶೇ. 73.40 ಮಾತ್ರ ಇದ್ದಾಗ ಇದು ಹೆಮ್ಮೆಯ ಸಾಧನೆಯೇ. ಆದರೆ ಎಲ್ಲರೂ ಗೆದ್ದ ಊರಿನಲ್ಲಿ ಸೋತವನ ಒಂಟಿತನ ಹೆಚ್ಚು. ಉಳಿದ ಶೇ. 6ರಲ್ಲಿ ಸೇರಿದ ಹುಡುಗಿ ಅಂದು ಸಂಜೆ ಅಂಗಳಕ್ಕಿಳಿಯಲು ನಾಚುತ್ತಾಳೆ. ನೆರೆಯವರು ಸಿಹಿ ಹಂಚುವ ಹೊತ್ತಿಗೆ ಅವಳ ಮನೆಯ ಬಾಗಿಲು ಮುಚ್ಚಿರುತ್ತದೆ. ಧರ್ಮಕೇಂದ್ರಗಳಲ್ಲಿ ಹೆಚ್ಚು ಅಂಕ ಪಡೆದವರಿಗೆ ಸನ್ಮಾನ ನಡೆಯುವ ಭಾನುವಾರ ಅವಳು ಬಲಿಪೂಜೆಗೂ ಬರುವುದಿಲ್ಲ. ಸನ್ಮಾನ ಬೇಡವೆಂದು ನಾವು ಹೇಳುತ್ತಿಲ್ಲ. ಆ ಭಾನುವಾರದೊಳಗೆ ಯಾರಾದರೊಬ್ಬರು ಆ ಮನೆಯ ಬಾಗಿಲು ತಟ್ಟಿದ್ದಾರೆಯೇ ಎಂದಷ್ಟೇ ಕೇಳುತ್ತಿದ್ದೇವೆ.

ಅದೇ 2024ರಲ್ಲಿ ರಾಜ್ಯವು ಒಂದೇ ವರ್ಷದಲ್ಲಿ ಮೂರು ಸಲ ಪರೀಕ್ಷೆ ಬರೆಯುವ ಅವಕಾಶವನ್ನು ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳಿಗೆ ಕೊಟ್ಟಿತು. ಇದು ಸ್ವಾಗತಾರ್ಹ. ಆದರೆ ಮರುಪರೀಕ್ಷೆಯ ಅರ್ಜಿ ತುಂಬಲು, ಬಾರದ ಗಣಿತವನ್ನು ಮತ್ತೊಮ್ಮೆ ಹೇಳಿಕೊಡಲು, ಪರೀಕ್ಷೆಯ ದಿನ ಜೊತೆಗೆ ಹೋಗಲು ಜನ ಇಲ್ಲದಿದ್ದರೆ ಆ ಅವಕಾಶ ಕಾಗದದಲ್ಲಿಯೇ ಉಳಿಯುತ್ತದೆ.

ಧರ್ಮಕೇಂದ್ರಗಳು ಏನು ಮಾಡಬಹುದು?

2012ರಲ್ಲಿ ಉಡುಪಿ ಧರ್ಮಪ್ರಾಂತ ರೂಪುಗೊಂಡ ಬಳಿಕ ಯುವಜನರ ಸಂಘಟನೆಗಳು, ಶಾಲೆಗಳು, ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಗಳು, ಧರ್ಮಭಗಿನಿಯರು ತಮ್ಮ ತಮ್ಮ ಮಟ್ಟದಲ್ಲಿ ದುಡಿಯುತ್ತಿದ್ದಾರೆ. ಅವರ ಸೇವೆಯ ಬಗ್ಗೆ ಗೌರವವಿಟ್ಟುಕೊಂಡೇ ಕೆಲವು ಸಲಹೆಗಳನ್ನು ಓದುಗರ ಮುಂದಿಡುತ್ತಿದ್ದೇವೆ.

ಮೊದಲನೆಯದಾಗಿ, ಶಿಬಿರಕ್ಕಿಂತ ಸಂಗಡ ಮುಖ್ಯ. ಒಂದು ದಿನದ ಭಾಷಣ, ಆಟ, ಪ್ರಮಾಣಪತ್ರ ಇವುಗಳಿಂದ ಉತ್ಸಾಹ ಬರುತ್ತದೆ. ಅದು ಮನೆ ಮುಟ್ಟುವಷ್ಟರಲ್ಲಿ ಆರುವುದೂ ಉಂಟು. ಪ್ರತಿ ವಾಳೆಯಲ್ಲಿ ಇಬ್ಬರು ಮೂವರು ಹಿರಿಯರು ಒಬ್ಬೊಬ್ಬ ಮಗುವಿನ ಓದು ಬದುಕನ್ನು ಕನಿಷ್ಠ ಎರಡು ವರ್ಷ ಗಮನಿಸುವ ಹೊಣೆ ಹೊರಲಿ. ನಿವೃತ್ತ ಶಿಕ್ಷಕರು, ಗಲ್ಫಿನಿಂದ ಮರಳಿದವರು, ಬ್ಯಾಂಕಿನಲ್ಲಿ ದುಡಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಹೆತ್ತವರ ಒಪ್ಪಿಗೆಯಿಂದ, ನಾಲ್ಕು ಜನರಿಗೆ ಕಾಣುವ ಜಾಗದಲ್ಲಿಯೇ ಈ ಭೇಟಿಗಳು ನಡೆಯಲಿ. ಮಕ್ಕಳ ಸುರಕ್ಷತೆಯಲ್ಲಿ ಸಡಿಲಿಕೆ ಸಲ್ಲದು.

ಎರಡನೆಯದಾಗಿ, ಸಂಜೆ ಕುಳಿತು ಓದಲು ಒಂದು ಜಾಗ ಬೇಕು. ಒಂದೇ ಕೋಣೆಯ ಮನೆಯಲ್ಲಿ ಟಿವಿ, ಅಡಿಗೆ, ಅಜ್ಜನ ಕೆಮ್ಮುಗಳ ನಡುವೆ ಓದುವ ಮಗುವಿಗೆ ಇಗರ್ಜಿಯ ಸಭಾಭವನದ ಒಂದು ಮೂಲೆ, ಎರಡು ಗಂಟೆಯ ಬೆಳಕು, ಒಂದು ಲೋಟ ಚಹಾ ದೊರೆಯಲಿ. ಬಾಗಿಲಲ್ಲಿ ಧರ್ಮ, ಜಾತಿಯನ್ನು ಕೇಳುವುದು ಬೇಡ.

ಮೂರನೆಯದಾಗಿ, ಬಡ ಮಕ್ಕಳಿಗೆ ಕೊಡುವುದನ್ನಷ್ಟೇ ಅಲ್ಲ, ಅವರಿಂದ ಕೇಳುವುದನ್ನೂ ಕಲಿಯೋಣ. ಮೊಂತಿ ಹಬ್ಬದ ಹೂವಿನ ಏರ್ಪಾಡು, ಯುವಸಂಘದ ಲೆಕ್ಕಪತ್ರ, ಕಿರಿಯರಿಗೆ ಪಾಠ ಹೇಳುವುದು ಇಂಥ ಹೊಣೆಗಳು ಯಾವಾಗಲೂ ಅದೇ ನಾಲ್ಕು ಮನೆಗಳ ಮಕ್ಕಳಿಗೆ ಹೋಗದಿರಲಿ. ತನ್ನಿಂದ ಊರಿಗೆ ಉಪಯೋಗವಿದೆಯೆಂದು ಕಂಡ ಹುಡುಗ ಬೇಗ ಕುಗ್ಗುವುದಿಲ್ಲ.

ನಾಲ್ಕನೆಯದಾಗಿ, ಜೂನ್ ತಿಂಗಳಿಗೆ ನಿಧಿಯೊಂದಿರಲಿ. ಮೀನುಗಾರರ ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿ ಅವರು ಕೂಡಿಟ್ಟ ಹಣಕ್ಕೆ ರಾಜ್ಯ, ಕೇಂದ್ರ ಸರಕಾರಗಳು ತಮ್ಮ ಪಾಲನ್ನು ಸೇರಿಸಿ ನಿಷೇಧದ ತಿಂಗಳುಗಳಿಗೆ ಕೊಡುತ್ತವೆ. ಇದೇ ಮಾದರಿಯಲ್ಲಿ ಮನೆಯವರು ವರ್ಷವಿಡೀ ಸ್ವಲ್ಪ ಸ್ವಲ್ಪ ಕಟ್ಟಲಿ, ಸಂಘವೂ ಅಷ್ಟೇ ಸೇರಿಸಲಿ, ಶಾಲೆ ತೆರೆಯುವ ಮುನ್ನ ಹಣ ಕೈಗೆ ಬರಲಿ. ಬೇಡಿ ಪಡೆದದ್ದೆಂಬ ಸಂಕೋಚ ಆಗ ಯಾರಿಗೂ ಇರುವುದಿಲ್ಲ. ವಿದ್ಯಾರ್ಥಿವೇತನ, ಐಟಿಐ, ಡಿಪ್ಲೊಮಾಗಳ ಅರ್ಜಿ ತುಂಬಲು ಸಹಾಯ ಮಾಡುವ ಒಬ್ಬರು ಪ್ರತಿ ಧರ್ಮಕೇಂದ್ರದಲ್ಲಿರಲಿ.

ಕೊನೆಯದಾಗಿ, ಕಿವಿಗೊಡುವುದು. ಮಂಕಾದ ಮಗುವಿಗೆ ತಕ್ಷಣ ಬುದ್ಧಿ ಹೇಳಬಾರದು, ಕೇಳಿದ್ದನ್ನು ಬೀದಿಯಲ್ಲಿ ಆಡಬಾರದು. ನಮ್ಮ ಕೈಮೀರಿದ್ದೆಂದು ಕಂಡರೆ ತಜ್ಞರ ಬಳಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು. ತೊಂದರೆಯಲ್ಲಿರುವ ಮಕ್ಕಳಿಗಾಗಿ 1098 ಇದೆ. ಈ ಎರಡು ಸಂಖ್ಯೆಗಳು ಪ್ರತಿ ಇಗರ್ಜಿಯ ಸೂಚನಾಫಲಕದಲ್ಲಿ ಕಾಣುವಂತಿರಲಿ.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಕಟ್ಟಡ ಬೇಡ, ಹೊರದೇಶದ ದೇಣಿಗೆ ಬೇಡ. ಬೇಕಾದುದು ಹೊತ್ತು, ಮತ್ತು ಮಧ್ಯದಲ್ಲಿ ಕೈಬಿಡದ ಮನಸ್ಸು. ನಮ್ಮ ಓದುಗರು ಈ ವಾರ ತಮ್ಮ ವಾಳೆಯಲ್ಲಿ ಶಾಲೆ ಬಿಟ್ಟಿರುವ, ಪರೀಕ್ಷೆಯಲ್ಲಿ ಸೋತಿರುವ, ಇಲ್ಲವೇ ಮನೆಯವರನ್ನು ಕಳೆದುಕೊಂಡಿರುವ ಒಂದು ಮಗುವಿನ ಹೆಸರನ್ನು ನೆನಪಿಸಿಕೊಳ್ಳಲಿ. ಹೆಸರು ನೆನಪಾಗದಿದ್ದರೆ ಅದನ್ನು ವಿಚಾರಿಸಿ ತಿಳಿಯುವುದರಿಂದಲೇ ಕೆಲಸ ಆರಂಭವಾಗಲಿ. ನೆನಪಾದರೆ ಆ ಮನೆಗೆ ಒಮ್ಮೆ ಹೋಗಿ ಬರಲಿ. ಮುಂದಿನ ವಾರ ಮತ್ತೆ ಹೋಗಲಿ.